ಭೂಬಳಕೆ: ಮರಳಿ ಪಡೆಯಲಾಗದ್ದನ್ನು ಮೊದಲು ನೋಡಿ

ಮಾನ್ಯ ಸಂಪಾದಕರೇ,

ವಸತಿ, ಕೃಷಿ, ಕೈಗಾರಿಕೆ, ರಸ್ತೆ, ಕಾಡು, ಜಲಮೂಲ, ಇವುಗಳ ಜೊತೆಗೆ ಈಗ ಸೌರ ವಿದ್ಯುತ್ ಸ್ಥಾವರಗಳು ಸಹ ಇರುವಷ್ಟೇ ನೆಲಕ್ಕೆ ಪೈಪೋಟಿಗಿಳಿದಿರುವಾಗ, ಪ್ರಾದೇಶಿಕ ಯೋಜನೆಗಳು ಸಾಮಾನ್ಯವಾಗಿ ಪ್ರತಿ ಇಲಾಖೆಯ ಬೇಡಿಕೆಯ ಪಟ್ಟಿ ತರಿಸಿಕೊಂಡು, ಎಲ್ಲರಿಗೂ ಅಷ್ಟಿಷ್ಟು ಹಂಚಿ, ಅದನ್ನೇ ಸಮತೋಲನವೆಂದು ಭಾವಿಸುತ್ತವೆ. ಬೀಳು ಬಿಟ್ಟ ಹೊಲವನ್ನು ಮತ್ತೆ ಉಳಬಹುದು; ಬಡಾವಣೆಯಾದ ಹೊಲ ಮತ್ತೆ ಹೊಲವಾದದ್ದು ತೀರಾ ಅಪರೂಪ. ಆದ್ದರಿಂದ ಯಾವ ಬಳಕೆಯಿಂದ ಹೆಚ್ಚು ಆದಾಯ ಎಂದು ಕೇಳುವ ಮೊದಲು, ತೀರ್ಮಾನ ತಪ್ಪಾದರೆ ಹಿಂದಕ್ಕೆ ಬರಲು ದಾರಿಯಿದೆಯೇ ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ನಿರ್ಮಾಣಕ್ಕೆ ನೆಲ ಸಿದ್ಧಪಡಿಸುವಾಗ ಮೊದಲು ಹೋಗುವುದು ಮೇಲ್ಮಣ್ಣು. ಅದನ್ನು ಯಂತ್ರದಿಂದ ಕೆರೆದು, ಜಲ್ಲಿ ಹಾಸಿ, ರೋಲರ್ ಓಡಿಸಿದ ಮೇಲೆ ಮಳೆನೀರು ಇಂಗುತ್ತಿದ್ದ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಮುಂದೆಂದೋ ಕಟ್ಟಡ ಕೆಡವಿದರೂ ಅವು ತಾವಾಗಿ ಬೇಗ ತೆರೆದುಕೊಳ್ಳುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಮಣ್ಣು ರೂಪುಗೊಳ್ಳಲು 1000 ವರ್ಷಗಳವರೆಗೂ ಬೇಕಾಗಬಹುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಇಷ್ಟು ದೊಡ್ಡ ನಷ್ಟ ಯೋಜನೆಯ ಕಡತದಲ್ಲಿ ಹೆಕ್ಟೇರುಗಳ ಒಂದು ಸಾಲಾಗಿ ಮುಗಿದುಹೋಗುತ್ತದೆ.

ಮಿತಿ ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಅಮೆರಿಕದ ಆರೆಗನ್ ರಾಜ್ಯ 1973ರ ಕಾನೂನಿನಡಿ ಪ್ರತಿ ನಗರಕ್ಕೂ ಬೆಳವಣಿಗೆಯ ಗಡಿ ಗುರುತಿಸುವಂತೆ ಮಾಡಿ ಕೃಷಿಭೂಮಿಯನ್ನು ಕಾಪಾಡಿತು; ಇದರಿಂದ ಮನೆಗಳ ಬೆಲೆ ಏರಿತೆಂಬ ಟೀಕೆಯೂ ಬಂತು. ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಗಡಿಯೊಳಗೆ ಒತ್ತೊತ್ತಾಗಿ, ಎತ್ತರಕ್ಕೆ ಕಟ್ಟಲು ಬಿಡದೆ ಹೊರಗಿನ ದಾರಿಯನ್ನಷ್ಟೇ ಮುಚ್ಚಿದರೆ ಹೊರೆ ಬೀಳುವುದು ಬಾಡಿಗೆದಾರರ ಮೇಲೆ. ದಿನಕ್ಕೆ ನಿರ್ಮಾಣಕ್ಕೆ ಹೋಗುವ ಹೊಸ ನೆಲವನ್ನು 2020ರೊಳಗೆ 30 ಹೆಕ್ಟೇರಿಗೆ ಇಳಿಸುವ ಗುರಿಯನ್ನು 2002ರಲ್ಲಿ ಇಟ್ಟುಕೊಂಡ ಜರ್ಮನಿ ಅದನ್ನು ಮುಟ್ಟಲಾಗದೆ ಗಡುವನ್ನು 2030ಕ್ಕೆ ಮುಂದೂಡಿತು.

ಒಂದು ತುಂಡು ನೆಲಕ್ಕೆ ಒಂದೇ ಕೆಲಸ ಎಂಬ ನಿಯಮವನ್ನು ಸಡಿಲಿಸಿದ ಕಡೆ ಹೆಚ್ಚು ಆಸೆ ಹುಟ್ಟುತ್ತದೆ. 1995ರ ನೆರೆಯಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾದ ನೆದರ್‌ಲ್ಯಾಂಡ್ಸ್, ನಂತರ ನದಿಗಳಿಗೇ ಜಾಗ ಬಿಟ್ಟುಕೊಡುವ ಕಾರ್ಯಕ್ರಮ ಕೈಗೊಂಡಿತು. ಅಲ್ಲಿ ಒಡ್ಡು ಕಟ್ಟಿ ನೀರಿನಿಂದ ಕಾಪಾಡಿಕೊಂಡ ತಗ್ಗು ನೆಲವಾದ ಓವರ್‌ಡೀಪ್ಸೆ ಪೋಲ್ಡರ್‌ನಲ್ಲಿ ರೈತರೇ ಮುಂದಿಟ್ಟ ಯೋಜನೆಯಂತೆ ಮನೆ, ಕೊಟ್ಟಿಗೆಗಳನ್ನು ಎತ್ತರದ ಮಣ್ಣಿನ ದಿಬ್ಬಗಳ ಮೇಲೆ ಹೊಸದಾಗಿ ಕಟ್ಟಲಾಯಿತು, ನದಿಯ ಕಡೆಯ ಒಡ್ಡನ್ನು ತಗ್ಗಿಸಲಾಯಿತು. ಭಾರಿ ನೆರೆ ಬಂದಾಗ ಹೊಲಗಳು ನೀರು ತುಂಬಿಕೊಳ್ಳುತ್ತವೆ, ಉಳಿದ ಕಾಲದಲ್ಲಿ ಹಸುಗಳು ಅಲ್ಲಿ ಮೇಯುತ್ತವೆ. ಎಲ್ಲರಿಗೂ ದಿಬ್ಬ ಸಿಗಲಿಲ್ಲ, ಕೆಲವು ಕುಟುಂಬಗಳು ಬೇರೆಡೆಗೆ ಹೋದವು ಎಂಬುದನ್ನೂ ಹೇಳಬೇಕು. ಸೌರ ಫಲಕಗಳ ಕೆಳಗೆ ಬೆಳೆ ತೆಗೆಯುವುದು ಇದೇ ಜಾಡಿನ ಪ್ರಯತ್ನ. ನೆರಳು ತಾಳುವ ಬೆಳೆಗಳಿಗೆ ಅದು ಒಗ್ಗುತ್ತದೆ, ಎಲ್ಲ ಬೆಳೆಗಳಿಗೂ ಅಲ್ಲ.

ನಕ್ಷೆಯಲ್ಲಿ ಹುಲ್ಲುಗಾವಲು, ಜೌಗು ನೆಲಗಳನ್ನು ಪಾಳುಭೂಮಿಯೆಂದು ಬಣ್ಣ ಬಳಿಯುವ ಅಭ್ಯಾಸವಂತೂ ನಿಲ್ಲಬೇಕು. ಪ್ರತಿ ಭೂಪರಿವರ್ತನೆಗೆ ಮುನ್ನ ಈಗಾಗಲೇ ಕಟ್ಟಿರುವ ಪ್ರದೇಶದೊಳಗೆ ಜಾಗ ಹುಡುಕಲಾಗಿದೆಯೇ, ಆ ನೆಲವನ್ನು ಹಿಂದಿನ ಬಳಕೆಗೆ ತರಲು ಸಾಧ್ಯವೇ, ಅದರ ವೆಚ್ಚ ಯಾರದು ಎಂಬುದನ್ನು ಯೋಜನಾ ಪ್ರಾಧಿಕಾರಗಳು ಲಿಖಿತವಾಗಿ ಪ್ರಕಟಿಸಲಿ, ಆಕ್ಷೇಪಣೆ ಸಲ್ಲಿಸುವವರಿಗೆ ಅದರ ಪ್ರತಿ ಸಿಗಲಿ.

ಇಂತಿ,
ಓರ್ವ ಓದುಗ