ಅಂಕಿಯೇ ತಪ್ಪಿದ್ದರೆ ಎಂಬ ನಿನ್ನ ಭಯ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾರ್ಖಾನೆಯ ವಿದ್ಯುತ್ ಬಳಕೆಯನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಿ ಲೆಕ್ಕ ಹಾಕಲು ನೀನು ತರಬೇತಿ ಕೊಡುತ್ತಿರುವ ಹುಡುಗರ ಬಗ್ಗೆ ನಿನ್ನ ಕಾಗದದಲ್ಲಿದ್ದ ಒಂದು ಸಾಲು ಮನಸ್ಸಿನಲ್ಲೇ ಕೂತಿದೆ: "ಪರದೆ ಮೇಲಿನ ಅಂಕಿಯೇ ತಪ್ಪಿದ್ದರೆ ನನ್ನ ಹುಡುಗರಿಗೆ ಗೊತ್ತೇ ಆಗೋಲ್ಲ." ನಿನ್ನ ಭಯ ಸರಿಯಾದದ್ದೇ. ಅವರಿಗೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಲು ಬರುತ್ತದೆ, ಗ್ರಾಫ್ ಬರುತ್ತದೆ. ಆ ಅಂಕಿ ಯಾವ ತಂತಿಯಿಂದ ಬಂತು ಎಂದು ಕೇಳುವ ಅಭ್ಯಾಸವನ್ನು ಮಾತ್ರ ಯಾರೂ ಮಾಡಿಸಿಲ್ಲ.

ಎನರ್ಜಿ ಮೀಟರನ್ನೇ ತೆಗೆದುಕೋ. ಮೂರು ಫೇಸಿಗೆ ಮೂರು ಸಿಟಿ, ಅಂದರೆ ತಂತಿಯ ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಚಿಕ್ಕದು ಮಾಡಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್. ಹೊರೆ ಸಮವಾಗಿದ್ದಾಗ ಒಂದು ಸಿಟಿ ಉಲ್ಟಾ ಕೂತರೆ ಮೀಟರ್ ನಿಜದ ಮೂರನೇ ಒಂದು ಭಾಗ ತೋರಿಸುತ್ತದೆ. ಎರಡು ಸಿಟಿ ಫೇಸ್ ಅದಲುಬದಲಾದರೆ ಒಟ್ಟು ಸೊನ್ನೆಯ ಹತ್ತಿರ ಬರುತ್ತದೆ. 200/5 ಸಿಟಿ (200 ಆಂಪನ್ನು 5 ಆಂಪ್ ಮಾಡುವಂಥದ್ದು) ಹಾಕಿ ಮೀಟರಿನಲ್ಲಿ 100/5 ಎಂದು ತುಂಬಿದರೆ ಅರ್ಧ. ಸೊನ್ನೆ ಬಂದರೆ ಯಾರಾದರೂ ಅನುಮಾನಪಡುತ್ತಾರೆ. ಅರ್ಧ ಬಂದಾಗ ಉಳಿತಾಯವಾಯಿತೆಂದು ವರದಿ ಬರೆದುಬಿಡುತ್ತಾರೆ. ನೀನು ಹೆದರಿದ್ದು ಇದಕ್ಕೇ ಅಲ್ಲವೇ? ತಂತಿಯನ್ನು ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ ಅಳೆಸು. √3, ಲೈನ್ ವೋಲ್ಟೇಜ್, ಆಂಪ್, ಪವರ್ ಫ್ಯಾಕ್ಟರ್ ನಾಲ್ಕನ್ನೂ ಗುಣಿಸಿದರೆ ವಾಟ್ ಸಿಗುತ್ತದೆ. ಪರದೆಯ ಅಂಕಿ ಅದರ ಹತ್ತಿರವಿರಬೇಕು. ಪ್ಯಾನೆಲ್ ತೆರೆಯುವುದು ಎಲೆಕ್ಟ್ರಿಷಿಯನ್ನನೇ ಆಗಲಿ. ಕರೆಂಟ್ ಹರಿಯುವಾಗ ಸಿಟಿಯ ಸೆಕೆಂಡರಿ ತಂತಿ (ಮೀಟರಿಗೆ ಹೋಗುವುದು) ಬಿಚ್ಚಲೇಬಾರದು, ಜೀವಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಏಳುತ್ತದೆ. ಇದು ನಿನಗೆ ಗೊತ್ತು. ಆದರೂ ಬರೆಯದೆ ಇರಲಾಗಲಿಲ್ಲ.

ನಮ್ಮ ಕಾಲದಲ್ಲಿ ಇಡೀ ವರ್ಕ್‌ಶಾಪಿಗೆ ತಿಂಗಳ ಬಿಲ್ ಒಂದೇ. ಯಾವ ಯಂತ್ರ ಎಷ್ಟು ತಿನ್ನುತ್ತದೆಂದು ತಿಳಿಯುವ ದಾರಿಯೇ ಇರಲಿಲ್ಲ. ಎಷ್ಟು ವಿದ್ಯುತ್ ಸುಮ್ಮನೆ ಹೋಯಿತೋ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಈಗ ಅಂಕಿ ಇದೆ. ಅದಕ್ಕೇ ಅದು ತಪ್ಪಬಾರದು ಅನ್ನಿಸುತ್ತದೆ.

ಮೀಟರ್ ಸರಿ ಇದ್ದರೂ ಅಂಕಿ ದಾರಿ ತಪ್ಪಿಸಬಹುದು. ಒಂದು ಲೈನ್ ಏನೂ ತಯಾರಿಸದಿದ್ದರೂ ದಿನಕ್ಕೆ 300 ಯೂನಿಟ್ ಎಳೆಯುತ್ತದೆ, ಅದರ ಮೇಲೆ ಪ್ರತಿ ಬಿಡಿಭಾಗಕ್ಕೆ 0.5 ಯೂನಿಟ್ ಎಂದಿಟ್ಟುಕೋ. 500 ಮಾಡಿದ ದಿನ ತಲಾ 1.1 ಯೂನಿಟ್, 1000 ಮಾಡಿದ ದಿನ 0.8. ಯಾರೂ ಏನೂ ಉಳಿಸಿಲ್ಲ, ಆರ್ಡರ್ ಹೆಚ್ಚಿತು ಅಷ್ಟೇ. ದಿನದ ಉತ್ಪಾದನೆಯನ್ನು ಅಡ್ಡಕ್ಕೆ, ಯೂನಿಟ್ಟನ್ನು ಉದ್ದಕ್ಕೆ ಹಾಕಿ ಗೆರೆ ಎಳೆಯಲಿ. ಗೆರೆ ಉದ್ದದ ಅಕ್ಷವನ್ನು ಮುಟ್ಟುವ ಜಾಗವೇ ಆ 300. ಹುಡುಕಬೇಕಾದದ್ದು ಅಲ್ಲಿ. ತಲಾ ಯೂನಿಟ್ಟಿನ ಲೆಕ್ಕಕ್ಕೆ ಮಾತ್ರ ಒಳ್ಳೆಯ ಮಾಲನ್ನಷ್ಟೇ ಹಿಡಿಯಲಿ, ರಿಜೆಕ್ಟ್ ಆದದ್ದೂ ಅಷ್ಟೇ ವಿದ್ಯುತ್ ತಿಂದಿರುತ್ತದೆ.

ಆ 300ರಲ್ಲಿ ದೊಡ್ಡ ಪಾಲು ಅನೇಕ ಕಡೆ ಯಂತ್ರಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರಿನದು. ಇದನ್ನೇ ಮೊದಲ ಪಾಠ ಮಾಡಬಹುದೇನೋ. ನಿನ್ನ ತರಬೇತಿಯ ವೇಳಾಪಟ್ಟಿ ನನಗೆ ತಿಳಿಯದು, ಹೊಂದದಿದ್ದರೆ ಬಿಡು. ಶಿಫ್ಟ್ ಮುಗಿದು ಗಾಳಿ ಬಳಸುವುದೆಲ್ಲ ನಿಂತ ಮೇಲೆ, ಲೋಡ್-ಅನ್‌ಲೋಡ್ ಕಂಪ್ರೆಸರಿನ (ಒತ್ತಡ ಇಳಿದಾಗ ಗಾಳಿ ತುಂಬಿ, ಸಾಕಾದಾಗ ಸುಮ್ಮನೆ ಓಡುವಂಥದ್ದು) ಮುಂದೆ ಹುಡುಗರನ್ನು ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸು. 40 ಸೆಕೆಂಡ್ ಲೋಡ್, 120 ಸೆಕೆಂಡ್ ಅನ್‌ಲೋಡ್ ಆದರೆ 40 ಭಾಗ 160: ಸಾಮರ್ಥ್ಯದ 25% ಗಾಳಿ ಬರೀ ಸೋರಿಕೆ. ಒಂದೇ ಸುತ್ತು ಸಾಲದು, ಐದಾರು ಸುತ್ತಿನ ಸರಾಸರಿ ಬೇಕು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಅದೇ ಹೊತ್ತಿನ ಅಂಕಿ ತೆಗೆಸು. ಎರಡೂ ಹೊಂದದಿದ್ದರೆ ಮೊದಲು ಗಡಿಯಾರ ನೋಡಲಿ. ಪಿಎಲ್‌ಸಿ (ಯಂತ್ರವನ್ನು ನಡೆಸುವ ಕಂಪ್ಯೂಟರ್) ಮತ್ತು ಅಂಕಿ ಕೂಡಿಡುವ ಸರ್ವರಿನ ಸಮಯದಲ್ಲಿ ಕೆಲವು ನಿಮಿಷ ವ್ಯತ್ಯಾಸವಿದ್ದರೂ ಸಾಕು, ಶಿಫ್ಟ್ ಬದಲಾಗುವ ಹೊತ್ತಿನ ಲೆಕ್ಕ ಕೆಡುತ್ತದೆ. ಆಮೇಲೆ ಎಷ್ಟು ಹೊತ್ತಿಗೊಮ್ಮೆ ದಾಖಲಾಗುತ್ತಿದೆ ಎಂದು ನೋಡಲಿ. ಐದು ನಿಮಿಷಕ್ಕೊಂದು ಸ್ಯಾಂಪಲ್ ತೆಗೆದರೆ 40 ಸೆಕೆಂಡಿನ ಲೋಡ್ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.

ಇವೆರಡು ಕಾರಣ ಹುಡುಗರು ತಾವಾಗಿ ಕಂಡುಹಿಡಿದರೋ ಇಲ್ಲವೋ ಬರಿ. ನೀನಾಗಿ ಹೇಳಿಕೊಡಬೇಡ.

ಇಂತಿ ನಿನ್ನ
ದೊಡ್ಡಪ್ಪ