ಕ್ಯಾಪ್ಟನ್‌ಗೊಂದು ಪತ್ರ: ಬೇಲಿಗೆ ಯಾವ ಬಳ್ಳಿ?

ಪ್ರಿಯ ಕ್ಯಾಪ್ಟನ್,

ಬೇಲಿಯ ಫೋಟೊ ನೋಡಿದೆ. 80 ಅಡಿ ಉದ್ದ, 5 ಅಡಿ ಎತ್ತರದ ಚೈನ್‌ಲಿಂಕ್ ತಂತಿಜಾಲರಿ, 10 ಅಡಿಗೊಂದು ಕಲ್ಲುಕಂಬ, ಆಚೆ ಹಳ್ಳ, ಹಳ್ಳದಾಚೆ ಕಾಡು. "ಬೇಗ ಮುಚ್ಚಬೇಕು, ವರ್ಷವಿಡೀ ಹೂ ಇರಬೇಕು, ಹೆಸರು ಹೇಳು" ಅಂತ ಒಂದೇ ಸಾಲು ಬರೆದಿದ್ದೀಯ. ಉತ್ತರ ಒಂದು ಸಾಲಿನದಲ್ಲ. ಮಲೆನಾಡಿನಲ್ಲಿ ಹೊಸ ಮನೆ ಕಟ್ಟಿ ಮಳೆ ಹಿಡಿಯುವ ಮುಂಚೆ ಇದೇ ಪ್ರಶ್ನೆ ಕೇಳುವವರು ಇನ್ನೂ ಇದ್ದಾರಲ್ಲ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಹೆದರಬೇಡ, ಆ ಹಲಸಿನಕಾಯಿ ವಿಚಾರ ಎತ್ತುವುದಿಲ್ಲ.

ನರ್ಸರಿಗೆ ಹೋದಾಗ ಹೂವಿಗಿಂತ ಮೊದಲು ಬಳ್ಳಿ ಏನನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ನೋಡು. ಶಂಖಪುಷ್ಪದ ಕಾಂಡ ತಾನೇ ಸುತ್ತಿಕೊಂಡು ಹತ್ತುತ್ತದೆ, ಅದಕ್ಕೆ ತೆಳು ತಂತಿ ಸಾಕು. ಬೋಗನ್‌ವಿಲ್ಲಾ ಮುಳ್ಳಿನ ಆಸರೆಯಲ್ಲಿ ಒರಗಿ ಏರುತ್ತದೆ. ಜಾಜಿಗೂ ಅಲ್ಲಮಂಡಕ್ಕೂ ಹಿಡಿದುಕೊಳ್ಳಲು ಏನೂ ಇಲ್ಲ, ನಾವು ಕಟ್ಟದಿದ್ದರೆ ನೆಲದ ಮೇಲೇ ಗುಪ್ಪೆಯಾಗುತ್ತವೆ. ನಮ್ಮ ಘಟ್ಟದ್ದೇ ಆದ ಥನ್ಬರ್ಜಿಯಾ ಮೈಸೂರೆನ್ಸಿಸ್ ಇದೆಯಲ್ಲ, ಹಳದಿ-ಕೆಂಪು ಹೂಗೊಂಚಲಿನದು, ಅದರ ಗೊಂಚಲು ಉದ್ದಕ್ಕೆ ಕೆಳಗೆ ಜೋತಾಡುತ್ತದೆ. 5 ಅಡಿ ಬೇಲಿಯಲ್ಲಿ ಆ ಚೆಂದವೆಲ್ಲ ಎಲೆಯೊಳಗೆ ಮುಚ್ಚಿಹೋಗುತ್ತದೆ. ಅದನ್ನು ಬಾಗಿಲ ಮುಂದಿನ ಚಪ್ಪರಕ್ಕೆ ಇಟ್ಟುಕೋ.

ಬೇಲಿ ಗಟ್ಟಿ ಮಾಡುವ ಕೆಲಸ ಬಳ್ಳಿ ನೆಡುವ ಮೊದಲೇ ಆಗಬೇಕು. ಎಲೆ ತುಂಬಿ ಮಳೆಗೆ ನೆನೆದ ಬೇಲಿ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ಕಂಬ 2 ಅಡಿ ಆಳ ಇಲ್ಲದಿದ್ದರೆ ಜುಲೈನಲ್ಲಿ ವಾಲುತ್ತದೆ. ಮೂಲೆಯ ಕಂಬಗಳಿಗೆ ಓರೆಗಂಬ ಕೊಡು. ಜಾಲರಿ ತಾನೇ ಭಾರ ಹೊರಬಾರದು. ನೆಲದಿಂದ ಒಂದೂವರೆ, 3 ಮತ್ತು ನಾಲ್ಕೂವರೆ ಅಡಿಗೆ 12 ಗೇಜಿನ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ್ದು) ಎಳೆದು ಬಿಗಿ ಮಾಡು, ಬಳ್ಳಿಯನ್ನು ಅದಕ್ಕೆ ಕಟ್ಟು. ಎಳೆ ಕಾಂಡವನ್ನು ಜಾಲರಿಯ ಕಣ್ಣಿನೊಳಗೆ ನೇಯ್ದುಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡ. ಎರಡು ವರ್ಷದಲ್ಲಿ ಕಾಂಡ ದಪ್ಪವಾಗುತ್ತದೆ, ತಂತಿ ತೊಗಟೆಯನ್ನು ಕೊರೆದು ಒಳಹೋಗುತ್ತದೆ, ಅಲ್ಲಿಂದ ಮೇಲಿನದೆಲ್ಲ ಒಣಗುತ್ತದೆ. ಸವರಬೇಕೆಂದರೂ ಬಿಡಿಸಲಾಗದು. ಬೇಲಿಯ ಮುಖದ ಮೇಲೇ ಹರಡಿಸಿ, ನೆನೆಸಿದ ಬಾಳೆಪಟ್ಟೆಯಲ್ಲಿ ಎಂಟರ ಆಕಾರದ ಸಡಿಲ ಗಂಟು ಹಾಕು, ಒಂದು ಸುತ್ತು ತಂತಿಗೆ, ಒಂದು ಸುತ್ತು ಕಾಂಡಕ್ಕೆ. ಪಟ್ಟೆ ಕೊಳೆತು ಬೀಳುವಷ್ಟರಲ್ಲಿ ಬಳ್ಳಿ ತನ್ನ ಜಾಗದಲ್ಲಿ ನಿಂತಿರುತ್ತದೆ.

ನಿನ್ನಲ್ಲಿ ಜಂಬಿಟ್ಟಿಗೆ ನೆಲ. ಒಂದೂವರೆ ಅಡಿ ಉದ್ದ-ಅಗಲ-ಆಳದ ಗುಂಡಿ ತೋಡಿದರೆ ಸಾಲದು, ತಳವನ್ನು ಹಾರೆಯಲ್ಲಿ ಒಡೆ. ಇಲ್ಲದಿದ್ದರೆ ಆಷಾಢದ ನೀರು ಅಲ್ಲೇ ನಿಂತು ಬೇರು ಕೊಳೆಯುತ್ತದೆ. ಎಲೆ ಹಳದಿಯಾದದ್ದು ನೋಡಿ ಗೊಬ್ಬರ ಕಡಿಮೆಯಾಯಿತೆಂದು ಇನ್ನಷ್ಟು ಸುರಿಯುತ್ತಾರೆ, ಗಿಡ ಬೇಗ ಸಾಯುತ್ತದೆ. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ, ನೆಲಮಟ್ಟಕ್ಕಿಂತ ಅರ್ಧ ಅಡಿ ಏರಿಸಿ ತುಂಬು. ಗಿಡ ಬೇಲಿಯಿಂದ 1 ಅಡಿ ಒಳಗಿರಲಿ, ಬೇಲಿಯತ್ತ ಸ್ವಲ್ಪ ವಾಲಲಿ.

ಈಗ ಹಂಚಿಕೆ. ರಸ್ತೆ ಕಡೆಯ 30 ಅಡಿಗೆ ಮಧುಮಾಲತಿ, ಮೂರೇ ಗಿಡ. ನರ್ಸರಿಯಲ್ಲಿ ರಂಗೂನ್ ಬಳ್ಳಿ ಎಂದರೂ ಕೊಡುತ್ತಾರೆ. ಇದರ ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಕಾಂಡದಲ್ಲೇ ಉಳಿದು, ಗಟ್ಟಿಯಾಗಿ ಮುಳ್ಳಿನಂಥ ಕೊಕ್ಕೆಯಾಗುತ್ತದೆ, ಆ ಕೊಕ್ಕೆಯಿಂದಲೇ ಬಳ್ಳಿ ಹತ್ತುವುದು. ಸವರುವಾಗ ಕೈಗವಸು ಹಾಕಿಕೋ. ಸಂಜೆ ಬೆಳ್ಳಗೆ ಅರಳುತ್ತದೆ, ಮರುದಿನ ಗುಲಾಬಿ, ಆಮೇಲೆ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಇರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನಿಂತರೆ ಉದ್ದ ಸೊಂಡಿಲಿನ ಹಾಕ್ ಪತಂಗಗಳು ಬಿಳಿ ಹೂವಿಗೆ ಬರುವುದು ಕಾಣುತ್ತದೆ. ಹೂವೆಲ್ಲ ಹೊಸ ಚಿಗುರಿನ ತುದಿಯಲ್ಲೇ. ಅದಕ್ಕೇ ಹೂ ಮುಗಿದ ಕೂಡಲೇ ಸವರಬೇಕು, ತಡ ಮಾಡಿದರೆ ಮುಂದಿನ ಮೊಗ್ಗನ್ನೇ ಕತ್ತರಿಸಿದಂತೆ. ಬೇರಿನಿಂದ ದೂರದಲ್ಲಿ ಏಳುವ ಮರಿಗಳನ್ನು ಎಳೆಯವಾಗಿರುವಾಗಲೇ ಕೀಳು.

ಮಧ್ಯದ 24 ಅಡಿಗೆ 6 ಅಡಿಗೊಂದರಂತೆ ಜಾಜಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವುದು ಅಲ್ಲಿಯೇ. ಮೊದಲ ವರ್ಷ ಮೂರ್ನಾಲ್ಕು ಕಾಂಡ ಉಳಿಸಿ, ಮೇಲಕ್ಕೆ ಬಿಡದೆ ತಂತಿಯುದ್ದಕ್ಕೂ ಅಡ್ಡ ಮಲಗಿಸಿ ಕಟ್ಟು. ನೆಟ್ಟಗೆ ಬಿಟ್ಟರೆ ತುದಿ ಮಾತ್ರ ಬೆಳೆದು ಕೆಳಗೆಲ್ಲ ಬೋಳು. ಅಡ್ಡ ಬಾಗಿಸಿದರೆ ತುದಿಯ ಹಿಡಿತ ಸಡಿಲವಾಗಿ ಗೆಣ್ಣು ಗೆಣ್ಣಿನಲ್ಲೂ ಚಿಗುರು ಏಳುತ್ತದೆ. ಡಿಸೆಂಬರ್ ಕೊನೆಯ ಹೊತ್ತಿಗೆ ಅಡ್ಡಗೈಗಳನ್ನು ಹಾಗೇ ಬಿಟ್ಟು, ಪಕ್ಕದ ರೆಂಬೆಗಳನ್ನು ಮೂರು ಗೆಣ್ಣಿಗೆ ಕತ್ತರಿಸು, ಬುಡಕ್ಕೆ ಗೊಬ್ಬರ ಕೊಡು. ಮೊಗ್ಗು ನೇರಳೆಗಟ್ಟಿ ತೂತಾಗಿದ್ದರೆ ಒಳಗೆ ಮೊಗ್ಗುಕೊರಕ ಇದೆ ಅಂತ ಅರ್ಥ. ಆರಿಸಿ ಸುಡು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸು.

ಆಮೇಲಿನ 10 ಅಡಿಗೆ ಶಂಖಪುಷ್ಪ ಸಾಕು. ಬೀಜ ರಾತ್ರಿಯಿಡೀ ನೆನೆಸಿ ಒಂದೂವರೆ ಅಡಿಗೊಂದು ಊರು, ಕಾಯಿ ಬಲಿಯಲು ಬಿಡಬೇಡ.

ನೀನು ನಿಜವಾಗಿ ಕೇಳಿದ್ದು ನೀಲಿ ಥನ್ಬರ್ಜಿಯಾ ಅಂತ ಗೊತ್ತು. ಒಂದೇ ವರ್ಷದಲ್ಲಿ ಬೇಲಿ ಮುಚ್ಚುತ್ತದೆ, ಹೂ ಅಂಗೈಯಗಲ. ನನಗೂ ಅದರ ಮೇಲೆ ಬಹಳ ಆಸೆ. ಆದರೂ ನಿನ್ನ ಹಳ್ಳದ ಪಕ್ಕ ಬೇಡ. ಅದು ನೆಲದೊಳಗೆ ಗೆಡ್ಡೆ ಕಟ್ಟುತ್ತದೆ, ಕತ್ತರಿಸಿ ಎಸೆದ ತುಂಡೂ ಬೇರು ಬಿಡುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ತೋಟದಿಂದ ಹೊಳೆದಂಡೆಗೆ ಇಳಿದು, ಮರಗಳನ್ನೇ ಹೊದ್ದು ಕೆಡವುವ ಕಳೆಯಾಗಿದೆ. ಈಚೆಗೆ ಯಾರಾದರೂ "ಬೇಗ ಬೆಳೆಯುವ ಬಳ್ಳಿ ಹೇಳಿ" ಎಂದರೆ ನನಗೆ ಒಳಗೊಳಗೇ ಅಳುಕು. ಬಂಡೀಪುರದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲ್ಲಿಗೂ ಜಾಗ ಬಿಡದೆ ಹಬ್ಬಿರುವ ಲಂಟಾನ ನೋಡಿದ್ದೀಯಲ್ಲ, ಅದೂ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕೇ ಬಂದದ್ದು. ತಂದವರು ಕೆಡುಕು ಬಯಸಿದವರಲ್ಲ. ನಮ್ಮ ಹಾಗೇ ಹೂ ಕಂಡರೆ ಮನಸೋಲುವವರು. ಅವರಿಗೂ ನಮಗೂ ಏನು ವ್ಯತ್ಯಾಸ ಅಂತ ಯೋಚಿಸಿದರೆ ನಿದ್ದೆ ಹಾರುತ್ತದೆ, ಕ್ಯಾಪ್ಟನ್. ಸಲಹೆ ಕೊಡುವ ಬಾಯಿಗೆ ಹೆದರಿಕೆ ಬಂದಿದೆ. ಇದನ್ನೆಲ್ಲ ಇಲ್ಲಿ ಬರೆಯಬೇಕೆಂದು ಕೂತಿರಲಿಲ್ಲ.

ಇನ್ನೊಂದು ಕೇಳು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಳಗದ ಎಲೆಗಳನ್ನಷ್ಟೇ ತಿಂದು ಬೆಳೆಯುತ್ತದೆ. ಅದೇ ಕುಲದ ದಕ್ಷಿಣ ಅಮೆರಿಕದ ಒಂದು ಬಳ್ಳಿಯನ್ನು ಕಂದು ಚಿತ್ತಾರದ ವಿಚಿತ್ರ ಹೂವಿಗಾಗಿ ತೋಟಗಳಲ್ಲಿ ಬೆಳೆಸುತ್ತಾರೆ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ತಾಯಿ ತನ್ನ ಬಳ್ಳಿಯೆಂದೇ ನಂಬಿ ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿಗಳು ಎಲೆ ತಿಂದು ಸಾಯುತ್ತವೆ. ಹಾಗಾಗಿ ಕಾಡಿನ ಕಡೆಯ ಕೊನೆಯ 16 ಅಡಿ ನನ್ನ ಮಾತಿಗೆ ಬಿಡು. ಅಲ್ಲಿ ಈಶ್ವರಿ ಬಳ್ಳಿ ನಾಲ್ಕು, ನಡುನಡುವೆ ಗೌರಿ ಹೂವಿನ ಗೆಡ್ಡೆ. ಈಶ್ವರಿಯ ಹೂ ಸಣ್ಣದು, ಯಾರೂ ಫೋಟೊ ತೆಗೆಯುವುದಿಲ್ಲ, ಎಲೆ ತೂತಾಗುತ್ತದೆ, ಹಾಗೇ ಬಿಡು. ಜಾಜಿಗೆ ಹೊಡೆದ ಬೇವಿನೆಣ್ಣೆ ಇತ್ತ ಹಾರಬಾರದು, ನಡುವೆ ಶಂಖಪುಷ್ಪ ಇಟ್ಟದ್ದು ಅದಕ್ಕೇ.

ಗೌರಿ ಹೂವಿನ ಗೆಡ್ಡೆಯನ್ನು ಮೇ ಕೊನೆಗೆ ಎರಡು ಅಂಗುಲ ಆಳದಲ್ಲಿ ಅಡ್ಡ ಮಲಗಿಸು. ಮೊಳಕೆ ಗೆಡ್ಡೆಯ ತುದಿಯಲ್ಲಿ ಮಾತ್ರ, ಅದು ಮುರಿದರೆ ಆ ವರ್ಷ ಗಿಡವಿಲ್ಲ. ಎಲೆಯ ತುದಿಯೇ ಎಳೆಯಾಗಿ ಚಾಚಿ ತಂತಿಗೆ ಸುತ್ತಿಕೊಳ್ಳುತ್ತದೆ. ಪೆನ್ಸಿಲ್‌ಗಿಂತ ದಪ್ಪದ್ದು ಸಿಕ್ಕರೆ ಜಾರುತ್ತದೆ. ಚೈನ್‌ಲಿಂಕ್ ಅದಕ್ಕೆ ಹೇಳಿ ಮಾಡಿಸಿದ್ದು. ಗೌರಿ ಹಬ್ಬದ ಹೊತ್ತಿಗೆ ದಳ ಹಿಂದಕ್ಕೆ ಮಡಚಿಕೊಂಡು, ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ ಅರಳುತ್ತದೆ. ಚಳಿಗೆ ಪೂರ್ತಿ ಒಣಗುತ್ತದೆ, ಸತ್ತಿತೆಂದು ಅಗೆಯಬೇಡ. ಗೆಡ್ಡೆಯೂ ಸೇರಿ ಎಲ್ಲ ಭಾಗವೂ ವಿಷ. ಈಶ್ವರಿ ಬಳ್ಳಿಯೂ ಮೂತ್ರಪಿಂಡಕ್ಕೆ ಕೆಡುಕು, ಊರಲ್ಲಿ ಯಾರಾದರೂ ಕಷಾಯ ಮಾಡು ಎಂದರೆ ಕೇಳಬೇಡ. ಪುಟ್ಟಿಗೆ ಹೇಳಿಡು, ಕರುವನ್ನು ಅತ್ತ ಬಿಡಬೇಡ.

ಭಾರವಾದದ್ದು ಸಾಕು. ನಿಮ್ಮಮ್ಮ ಜಾಜಿ ಮಾಲೆ ಕಟ್ಟುತ್ತಾ ಹೇಳುವ ಆ ಬಸ್ಸಿನ ಕತೆ ಕೇಳುವುದಕ್ಕಾದರೂ ಬರಲೇಬೇಕು. ಜಾಜಿ ಗಿಡ ನಾಲ್ಕೂ ನಾನೇ ತರುತ್ತೇನೆ. ಅಷ್ಟರೊಳಗೆ ತಂತಿ ಎಳೆಸಿ, ಗುಂಡಿಯ ತಳ ಒಡೆಸಿಟ್ಟಿರು. ಗುಂಡಿಗೆ ಒಂದು ಕೊಡ ನೀರು ಸುರಿದು ನೋಡು, ಒಂದು ಗಂಟೆಯಾದರೂ ನಿಂತೇ ಇದ್ದರೆ ಇನ್ನೂ ಅರ್ಧ ಅಡಿ ಇಳಿಸು.

ನಿನ್ನ,
ಹಿಂದಿನ ಬೆಂಚಿನವ