ಹಸುಗೂಸಿನ ಬಟ್ಟೆಗೆ ತಾಯಿ ಕಾರ್ಡಿನಲ್ಲಿ ಒಂದು ಪುಟ ಬೇಕು

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕಳೆದ ಧನುರ್ಮಾಸದಲ್ಲಿ ಮಗಳಿಗೆ ಹೆರಿಗೆಯಾಯಿತು. ಅವಳನ್ನು ಮಂಡ್ಯಕ್ಕೆ ಕರೆತರುವ ಬದಲು ನಾನೇ ಮೈಸೂರಿಗೆ ಹೋಗಿ ಮೂರು ತಿಂಗಳು ಬಾಣಂತನ ಮಾಡಿ ಬಂದೆ. ಹಳ್ಳಿಗಳ ಮನೆಮನೆಗೆ ಹೋಗಿ ಬಾಣಂತಿಯರಿಗೆ ಹೇಳುತ್ತಿದ್ದ ಮಾತನ್ನೇ ನನ್ನ ಮನೆಯಲ್ಲಿ ನಡೆಸಲು ಹೋದಾಗ, ಹುಟ್ಟಿದ ಮಗುವಿಗೆ ತಕ್ಕ ನಾಲ್ಕು ಬಟ್ಟೆ ಹೊಂದಿಸುವುದು ಈಗ ಎಷ್ಟು ಕಷ್ಟವಾಗಿದೆ ಎಂಬುದು ಗೊತ್ತಾಯಿತು. ಆ ಅನುಭವವನ್ನು ತಮ್ಮ ಓದುಗರ ಮುಂದಿಟ್ಟು, ಆರೋಗ್ಯ ಇಲಾಖೆಗೆ ಒಂದು ಸಣ್ಣ ಬೇಡಿಕೆ ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ.

ಹೆರಿಗೆಗೆ ಹದಿನೈದು ದಿನ ಇದೆ ಎನ್ನುವಾಗ ಬಟ್ಟೆ ತರಲೆಂದು ಶಿವರಾಂಪೇಟೆಯಿಂದ ಹಿಡಿದು ದೇವರಾಜ ಅರಸು ರಸ್ತೆಯವರೆಗೆ ಐದಾರು ಅಂಗಡಿ ಹತ್ತಿ ಇಳಿದೆ. ಮಗು ಹುಟ್ಟುವ ಮೊದಲೇ ಬಟ್ಟೆ ಕೊಳ್ಳಬಾರದು ಎಂಬುದು ಬೀಗಿತ್ತಿಯವರ ನಂಬಿಕೆ; ಆಸ್ಪತ್ರೆಗೆ ಬರಿಗೈಯಲ್ಲಿ ಹೋಗುವಂತಿಲ್ಲ ಎಂದು ಅವರನ್ನು ಒಪ್ಪಿಸುವುದೇ ಒಂದು ಕೆಲಸವಾಯಿತು. ನಾನು ಕೇಳಿದ್ದು ಮುಂಭಾಗ ತೆರೆದುಕೊಳ್ಳುವ, ಪಕ್ಕದಲ್ಲಿ ಲಾಡಿ ಕಟ್ಟುವ, ತೆಳು ಹತ್ತಿಯ ಜಬ್ಲ. ಪ್ರತಿ ಅಂಗಡಿಯಲ್ಲೂ ಮೊದಲು ಮುಂದಿಟ್ಟದ್ದು ಮೇಲ್ಭಾಗಕ್ಕೆ ಪ್ಲಾಸ್ಟಿಕ್ ಹೊದಿಸಿದ ಒಂದು ಪೆಟ್ಟಿಗೆ. ಅದರೊಳಗೆ ಅಂಗಿ, ಚಡ್ಡಿ, ಟೋಪಿ, ಕೈಗವಸು, ಕಾಲುಚೀಲ, ಜೊಲ್ಲುಬಟ್ಟೆ ಎಂದು ಹನ್ನೊಂದು ಸಾಮಾನು. ಎಲ್ಲವೂ ಒಂದೇ ಬಣ್ಣ. ಅಂಗಿಯ ಎದೆಯ ಮೇಲೆ ರಬ್ಬರಿನಂತೆ ದಪ್ಪಗೆ ಅಂಟಿಸಿದ ಕರಡಿಯ ಚಿತ್ರ. ಅಂಗಿಯನ್ನು ತಲೆಯ ಮೇಲಿಂದ ತೂರಿಸಬೇಕು. ಕತ್ತು ನಿಲ್ಲದ ಕೂಸಿಗೆ ಅದನ್ನು ತೊಡಿಸಿ ತೆಗೆಯುವಷ್ಟರಲ್ಲಿ ತಾಯಿ ಮಗು ಇಬ್ಬರೂ ಅಳುತ್ತಾರೆ. ಒಳಗಿನ ಚೀಟಿ ನೋಡಿದರೆ ಪಾಲಿಯೆಸ್ಟರ್ ಬೆರಕೆ. "ಲಾಡಿ ಜಬ್ಲ ಈಗ ಯಾರು ಕೇಳ್ತಾರಮ್ಮ, ಎಲ್ಲಾ ಸೆಟ್ಟೇ ತಗೊಂಡು ಹೋಗೋದು, ಗಿಫ್ಟ್ ಕೊಡೋಕೂ ಚೆನ್ನಾಗಿರುತ್ತೆ" ಎಂದ ಅಂಗಡಿಯ ಹುಡುಗ. ಅವನನ್ನು ದೂರುವಂತಿಲ್ಲ. ಕೊಡುವವರ ಕಣ್ಣಿಗೆ ಒಪ್ಪುವುದನ್ನು ಅಂಗಡಿಯವರು ತರಿಸುತ್ತಾರೆ. ತೊಡುವ ಮಗು ಅಂಗಡಿಗೆ ಬಂದು ಕೇಳುವುದಿಲ್ಲ.

ಕೊನೆಗೆ ಒಂದು ಹಳೆಯ ಅಂಗಡಿಯ ಅಟ್ಟದ ಮೇಲಿನ ಕಟ್ಟಿನಲ್ಲಿ ನಾಲ್ಕು ಸಿಕ್ಕವು. ಉಳಿದವನ್ನು ಮಲ್ ಬಟ್ಟೆ ತಂದು, ಅಳತೆ ಬರೆದುಕೊಟ್ಟು, ಬಡಾವಣೆಯ ದರ್ಜಿಯಿಂದ ಹೊಲಿಸಿದೆ. ಒಂದು ಮೀಟರಿನಲ್ಲಿ ಎರಡು ಮೂರು ಜಬ್ಲ ಸಲೀಸಾಗಿ ಬರುತ್ತವೆ. ಹೊಲಿಗೆಯ ಅಂಚು ಹೊರಗೆ ಬರುವಂತೆ ಹೊಲಿಯಿರಿ ಎಂದಾಗ ದರ್ಜಿ ನನ್ನ ಮುಖ ನೋಡಿದರು. ನಾವು ತೊಡುವ ಬಟ್ಟೆಯಲ್ಲಿ ಒಳಗಿರುವ ಆ ದಪ್ಪ ಅಂಚು ನಮಗೆ ಗೊತ್ತೇ ಆಗುವುದಿಲ್ಲ. ಕಂಕುಳ ಕೆಳಗೆ, ಕತ್ತಿನ ಸುತ್ತ ಅದು ಹಸುಗೂಸಿನ ತೊಗಲನ್ನು ಕೆಂಪಗೆ ಉಜ್ಜಿಬಿಡುತ್ತದೆ. ಕೊಂಡ ಅಂಗಿಯಾದರೆ ಒಳಹೊರಗು ಮಾಡಿ ತೊಡಿಸಿದರೂ ಆದೀತು. ನೋಡುವವರು ನಕ್ಕರೆ ನಗಲಿ.

ಹುಟ್ಟಿದ ಮಗುವಿನ ಮೈಬಿಸಿ ನಿಲ್ಲುವುದೇ ಬಟ್ಟೆಯ ಮೇಲೆ. ಒಂಬತ್ತು ತಿಂಗಳು ತಾಯಿಯ ಹೊಟ್ಟೆಯ ಬಿಸಿಯಲ್ಲಿದ್ದ ಮಗು ಒದ್ದೆ ಮೈಯಲ್ಲಿ ಹೊರಗೆ ಬರುತ್ತದೆ. ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರವು ದೊಡ್ಡದು, ಚರ್ಮದಡಿಯ ಕೊಬ್ಬು ಕಡಿಮೆ, ಮೈಯುದ್ದದಲ್ಲಿ ಕಾಲುಭಾಗ ತಲೆಯೇ. ಚಳಿಯಾದರೆ ನಮ್ಮ ಹಾಗೆ ನಡುಗಿ ಮೈ ಕಾಯಿಸಿಕೊಳ್ಳಲು ಅದಕ್ಕೆ ಬಾರದು. ಕಂಕುಳಲ್ಲಿಟ್ಟು ನೋಡಿದಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಬಿಸಿ ಕೆಳಗಿಳಿಯತೊಡಗಿದರೆ ಮಗು ಮಂಕಾಗುತ್ತದೆ, ಮೊಲೆ ಚೀಪುವುದನ್ನು ಬಿಡುತ್ತದೆ, 2.5 ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ ಇದು ಇನ್ನೂ ಬೇಗ. ಮೊದಲ ಸ್ನಾನವನ್ನು 24 ಗಂಟೆ ಮುಂದೂಡಿ ಎಂದು ನಾವು ಹೇಳುವುದಕ್ಕೂ, ತಲೆಗೆ ಕುಲಾವಿ ಕಟ್ಟಿ ಎಂದು ಅಜ್ಜಿಯರು ಹೇಳುತ್ತಿದ್ದುದಕ್ಕೂ ಕಾರಣ ಒಂದೇ.

ಆದರೆ ಬೆಚ್ಚಗಿಡುವುದೆಂದರೆ ಮೂಟೆ ಕಟ್ಟುವುದಲ್ಲ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್, ಟೋಪಿ, ಕಾಲುಚೀಲ ಹಾಕಿ, ಮೇಲೊಂದು ದುಪ್ಪಟಿ ಹೊದಿಸಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸಿದ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಎದ್ದಿರುತ್ತಿತ್ತು, ಜ್ವರ ಬಂದಿದೆ ಎಂದು ಮನೆಯವರು ಗಾಬರಿಯಾಗಿರುತ್ತಿದ್ದರು, ಎರಡು ಪದರ ತೆಗೆದು ಅರ್ಧ ಗಂಟೆ ಕಾದರೆ ಜ್ವರ ಇಳಿಯುತ್ತಿತ್ತು. ಅದೇ ಡಿಸೆಂಬರಿನ ಬೆಳಗಿನ ಜಾವ 16 ಡಿಗ್ರಿಯ ಆಸುಪಾಸಿಗೆ ಇಳಿದಾಗ ಒಂದು ತೆಳು ಜಬ್ಲ ಎಲ್ಲಿಗೂ ಸಾಲದು. ನಾವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು, ತೀರ ಚಳಿಯಾದರೆ ಎರಡು, ಎಂಬುದು ನೆನಪಿಟ್ಟುಕೊಳ್ಳಲು ಸುಲಭವಾದ ಲೆಕ್ಕ. ಅನುಮಾನವಾದರೆ ಕೈಯ ಹಿಂಬದಿಯಿಂದ ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಬೇಕು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ಹತ್ತುತ್ತಿದೆ, ಇನ್ನೊಂದು ಪದರ ಬೇಕು. ಎರಡೂ ತಣ್ಣಗಿದ್ದರೆ ಬಟ್ಟೆಯ ಮಾತು ಬಿಟ್ಟು, ಮಗುವನ್ನು ತಾಯಿಯ ಬರಿ ಎದೆಗೆ ಅಪ್ಪಿಸಿ, ಮೇಲೆ ಹೊದಿಸಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಇಷ್ಟೆಲ್ಲ ತಿಳಿದಿದ್ದ ನನ್ನ ಕೈಯಲ್ಲೂ ಒಂದು ತಪ್ಪಾಯಿತು. ಮೊಮ್ಮಗಳಿಗೆ ಇಪ್ಪತ್ತನೆಯ ದಿನ. ಉಡುಗೊರೆಯಾಗಿ ಬಂದ ಪೆಟ್ಟಿಗೆಯ ಕಾಲುಚೀಲ ಮುದ್ದಾಗಿದೆ ಎಂದು ಹಾಕಿ ಮಲಗಿಸಿದ್ದೆವು. ರಾತ್ರಿ ಎರಡೂವರೆಗೆ ಎದ್ದು ಅಳಲು ಶುರು ಮಾಡಿದ ಮಗು ಹಾಲಿಗೂ ಸುಮ್ಮನಾಗಲಿಲ್ಲ, ತೂಗಿದರೂ ಸುಮ್ಮನಾಗಲಿಲ್ಲ. ಹೊಟ್ಟೆನೋವು ಎಂದು ಬೀಗಿತ್ತಿಯವರು ಓಮಿನ ಶಾಖಕ್ಕೆ ಬಟ್ಟೆ ಕಾಯಿಸುತ್ತಿದ್ದರು. ಮೈಮೇಲಿನ ಒಂದೊಂದೇ ಬಟ್ಟೆ ಬಿಚ್ಚಿ ನೋಡುತ್ತ ಬಂದಾಗ, ಎಡಗಾಲಿನ ಎರಡನೆಯ ಬೆರಳು ಊದಿ ಕೆಂಪಗೆ ದ್ರಾಕ್ಷಿಯಂತಾಗಿತ್ತು. ಕಾಲುಚೀಲದ ಒಳಗೆ ಹೂವಿನ ಕಸೂತಿಯ ಹಿಂಬದಿಯಿಂದ ಬಿಟ್ಟುಕೊಂಡಿದ್ದ ನೂಲಿನ ಎಳೆ ಬೆರಳಿನ ಬುಡಕ್ಕೆ ಮೂರು ಸುತ್ತು ಬಿಗಿದುಕೊಂಡಿತ್ತು. ಕನ್ನಡಕ ಹಾಕಿಕೊಂಡು, ಮಗಳು ಹಿಡಿದ ಮೊಬೈಲ್ ಬೆಳಕಿನಲ್ಲಿ, ಹೊಲಿಗೆಯ ಸಣ್ಣ ಕತ್ತರಿಯ ತುದಿಯಿಂದ ಆ ಎಳೆ ಬಿಡಿಸುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಬೆಳಗ್ಗೆ ವೈದ್ಯರಿಗೆ ತೋರಿಸಿದೆವು, ಏನೂ ತೊಂದರೆಯಾಗಲಿಲ್ಲ. ಬೆಳಗಾಗುವವರೆಗೆ ಹಾಗೆಯೇ ಬಿಟ್ಟಿದ್ದರೆ ರಕ್ತ ಹರಿಯದೆ ಬೆರಳಿಗೇ ಕುತ್ತು ಬರಬಹುದಿತ್ತು. ಕಾಲುಚೀಲ, ಕೈಗವಸು ಯಾವುದೇ ಇರಲಿ, ಒಳಹೊರಗು ಮಾಡಿ ಎಳೆಗಳನ್ನು ಕತ್ತರಿಸದೆ ಮಗುವಿಗೆ ಹಾಕಬೇಡಿ ಎಂದು ಅಂದಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಉಗುರು ಪರಚುತ್ತದೆಂಬ ಭಯಕ್ಕೆ ಇಡೀ ದಿನ ಕೈಗವಸು ಹಾಕಿಡುವುದಕ್ಕಿಂತ, ಮಗು ಮಲಗಿದ್ದಾಗ ಉಗುರು ತೆಗೆಯುವುದು ಮೇಲು. ಕತ್ತಿನ ಸುತ್ತ ದಾರ ಎಳೆದು ಕಟ್ಟುವ ಅಂಗಿ, ಕಿತ್ತು ಬರುವ ಗುಂಡಿ, ಮಣಿ, ಚಮಕಿ, ಪಿನ್ನು ಇವುಗಳ ವಿಚಾರ ಬಿಡಿಸಿ ಹೇಳಬೇಕಾಗಿಲ್ಲ.

ಹಳೆ ಬಟ್ಟೆಯ ವಿಚಾರಕ್ಕೆ ಬರುತ್ತೇನೆ. ಪುರುಡು ಕಳೆಯುವವರೆಗೆ ಮಗುವಿಗೆ ಹೊಸ ಬಟ್ಟೆ ತೊಡಿಸದೆ, ಅಜ್ಜನ ಪಂಚೆ, ಅಜ್ಜಿಯ ನೂಲಿನ ಸೀರೆ ಹರಿದು ಸುತ್ತುವುದು ನಮ್ಮ ಸೀಮೆಯ ರೂಢಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನು ಕೊಳಕು ಪದ್ಧತಿ ಎಂದು ಬೈದಿದ್ದುಂಟು. ನೂರಾರು ಸಲ ಒಗೆದು ಗಂಜಿಯೂ ಬಣ್ಣವೂ ಬಿಟ್ಟ ಹತ್ತಿ ಬಟ್ಟೆಯಷ್ಟು ಮೆತ್ತನೆಯದು, ನೀರು ಹೀರುವಂಥದ್ದು, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದು ಆಮೇಲೆ ಅರ್ಥವಾಯಿತು. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಹಾಕಿದ ಹಳೆ ಪಂಚೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹೊಸ ಬಟ್ಟೆಯನ್ನೂ ಎರಡು ಸಲ ಒಗೆಯದೆ ಮಗುವಿನ ಮೈಗೆ ತಾಗಿಸಬಾರದು. ತೊಂದರೆ ಇರುವುದು ಆ ಹಳೆ ಬಟ್ಟೆ ಹೊರಬರುವ ಟ್ರಂಕಿನಲ್ಲಿ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ, ಡಾಂಬರು ಗುಳಿಗೆ ಎಂದು ಕರೆಯುವ ಆ ಬಿಳಿ ಗುಂಡು ಸಾಮಾನ್ಯವಾಗಿ ನ್ಯಾಫ್ತಲೀನಿನದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ಆ ವಾಸನೆ ಹಿಡಿದ ಬಟ್ಟೆ ಸುತ್ತಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಏರುತ್ತದೆ, ಕೆಲವೊಮ್ಮೆ ಮಿದುಳಿಗೆ ಪೆಟ್ಟಾಗುವಷ್ಟು. ಆದ್ದರಿಂದ ಮಗುವಿಗೆಂದು ಎತ್ತಿಡುವ ಬಟ್ಟೆಯ ಹತ್ತಿರ ಆ ಗುಳಿಗೆ ಸುಳಿಯಲೇಬಾರದು. ಒಣಗಿದ ಬೇವಿನೆಲೆ ಸಾಕು. ವಾಸನೆ ಇನ್ನೂ ಮೂಗಿಗೆ ಬಡಿಯುವ ಸೀರೆಯಾದರೆ, ಎಷ್ಟೇ ಮೆತ್ತಗಿರಲಿ, ಅದು ಬೇಡ.

ಎಷ್ಟು ಬಟ್ಟೆ ಬೇಕು ಎಂದು ಸೊಸೆಯಂದಿರು, ಹೆಣ್ಣುಮಕ್ಕಳು ಕೇಳುತ್ತಾರೆ. ಹಾಲು ಸರಿಯಾಗಿ ಸಿಗುವ ಮಗು ದಿನಕ್ಕೆ ಆರರಿಂದ ಎಂಟು ಸಲ, ಅದಕ್ಕೂ ಹೆಚ್ಚು, ಉಚ್ಚೆ ಮಾಡುತ್ತದೆ. ಎಂಟು ಜಬ್ಲ, ಎರಡು ಡಜನ್ ಲಂಗೋಟಿ, ಸುತ್ತಲು ಐದಾರು ಮೆತ್ತನೆಯ ಬಟ್ಟೆ, ಎರಡು ಹತ್ತಿಯ ಕುಲಾವಿ, ಚಳಿಗಾಲವಾದರೆ ಒಂದು ಉಣ್ಣೆಯದು, ಎರಡು ಜೊತೆ ಕಾಲುಚೀಲ, ಒಂದು ರಬ್ಬರ್ ಶೀಟು ಇದ್ದರೆ ಬಾಣಂತನ ಸಾಗುತ್ತದೆ. ಮಳೆಗಾಲದಲ್ಲಿ ಲಂಗೋಟಿ ಇನ್ನೊಂದು ಡಜನ್ ಇರಲಿ. ಲಂಗೋಟಿಯನ್ನು ಹೊಕ್ಕುಳಬಳ್ಳಿಯ ಕೆಳಗೆ ಮಡಿಸಿ ಕಟ್ಟಬೇಕು; ಬಳ್ಳಿ ಒಣಗಿ ಬೀಳುವವರೆಗೆ ಸೊಂಟಕ್ಕೆ ಬಿಗಿ ಎಲಾಸ್ಟಿಕ್ ಬೇಡ. ಇದಕ್ಕಿಂತ ಹೆಚ್ಚು ಕೊಂಡರೆ ದಂಡ, ಏಕೆಂದರೆ ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಇದ್ದ ಮಗು ಮೂರು ತಿಂಗಳಿಗೆ 60ರ ಹತ್ತಿರ ಬರುತ್ತದೆ. ನಾಮಕರಣಕ್ಕೆ ಬಂದ ನೆಟ್ ಬಟ್ಟೆಯ ಫ್ರಾಕು, ಜರಿ ಲಂಗಗಳಲ್ಲಿ ಮೊಮ್ಮಗಳು ತೊಟ್ಟದ್ದು ಎರಡೇ, ಅದೂ ಫೋಟೋ ತೆಗೆಯುವವರೆಗೆ.

ಒಗೆಯುವ ಬಗ್ಗೆ ಒಂದು ಮಾತು. ಮಂಡ್ಯದ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಬಟ್ಟೆಯಿಂದ ಪೂರ್ತಿ ಬಿಡುವುದೂ ಇಲ್ಲ. ಒಣಗಿದ ಲಂಗೋಟಿ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ಮೂರು ನೀರಿನಲ್ಲಿ ಜಾಲಿಸಿ, ಕೈಯಲ್ಲಿ ಉಜ್ಜಿ ಮೆದು ಮಾಡಿ ಕಟ್ಟಬೇಕು. ಮಗುವಿನ ಬಟ್ಟೆಯನ್ನು ಹೊತ್ತು ಮುಳುಗಿದ ಮೇಲೆ ಹೊರಗೆ ಬಿಟ್ಟರೆ ಹಕ್ಕಿದೋಷ ತಗಲುತ್ತದೆ ಎನ್ನುತ್ತಿದ್ದರು. ದೋಷದ ಮಾತು ಹೇಗಾದರೂ ಇರಲಿ, ಇಬ್ಬನಿಯೂ ಹುಳವೂ ತಾಗದಂತೆ ಸಂಜೆಯೊಳಗೆ ಬಟ್ಟೆ ಒಳಗೆ ಬರುತ್ತಿತ್ತು.

ಈಗ ಬೇಡಿಕೆ. 2007ರಲ್ಲಿ ಆರಂಭವಾದ ಮಡಿಲು ಯೋಜನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ಕುಟುಂಬದ ತಾಯಂದಿರಿಗೆ 19 ಬಗೆಯ ಸಾಮಾನುಗಳ ಕಿಟ್ಟನ್ನು ನಾವೇ ಹಂಚಿದ್ದೇವೆ. ಸೊಳ್ಳೆಪರದೆ, ರಬ್ಬರ್ ಶೀಟು, ಮಗುವಿನ ಸ್ವೆಟರ್, ಟೋಪಿ, ಕಾಲುಚೀಲ ಅದರಲ್ಲಿದ್ದವು. ಒಳ್ಳೆಯ ಯೋಜನೆ. ಆದರೆ ಸ್ವೆಟರ್ ಕೊಟ್ಟೆವೇ ಹೊರತು ಅದನ್ನು ಯಾವಾಗ ತೊಡಿಸಬೇಕು, ಯಾವಾಗ ತೆಗೆಯಬೇಕು ಎಂದು ಬರೆದ ಒಂದು ಚೀಟಿ ಕೊಡಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಾನು ಬಿಚ್ಚಿಸುತ್ತಿದ್ದ ಸ್ವೆಟರ್‌ಗಳಲ್ಲಿ ನಾವೇ ಕೊಟ್ಟವೂ ಇರುತ್ತಿದ್ದವು. ಗರ್ಭಿಣಿ ಹೆಸರು ನೋಂದಾಯಿಸಿದಾಗ ಕೈಗೆ ಬರುವ ತಾಯಿ ಕಾರ್ಡಿನಲ್ಲಿ ಕಬ್ಬಿಣಾಂಶದ ಮಾತ್ರೆ, ಚುಚ್ಚುಮದ್ದು, ಮಗುವಿನ ಲಸಿಕೆ, ತೂಕ ಎಲ್ಲಕ್ಕೂ ಜಾಗವಿದೆ. ಮಗುವನ್ನು ಬೆಚ್ಚಗಿಡಿ ಎಂಬ ಒಂದು ಸಾಲು ಸಾಲದು. ಯಾವ ಬಟ್ಟೆ, ಎಷ್ಟು, ಯಾವ ಕಾಲಕ್ಕೆ ಎಷ್ಟು ಪದರ, ಹೊಟ್ಟೆ ಪಾದ ಮುಟ್ಟಿ ನೋಡುವ ಬಗೆ, ಕಾಲುಚೀಲದ ನೂಲು, ನುಸಿಗುಳಿಗೆ, ಇಷ್ಟನ್ನು ಚಿತ್ರ ಸಮೇತ ತಿಳಿಗನ್ನಡದಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿಸಬೇಕು. ಅಷ್ಟರವರೆಗೆ ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್ ಮುಂತಾದ ಆಸ್ಪತ್ರೆಗಳು ಏಳನೆಯ ತಿಂಗಳ ತಪಾಸಣೆಯ ಹೊತ್ತಿಗೆ ಇದನ್ನು ಬಿಡಿ ಹಾಳೆಯಾಗಿ ಕೊಡಬಹುದು. ಅಂಗನವಾಡಿಯ ಸೀಮಂತದ ದಿನ ಆಶಾ ಕಾರ್ಯಕರ್ತೆಯರು ಓದಿ ಹೇಳಬಹುದು. ಸ್ತ್ರೀಶಕ್ತಿ ಸಂಘಗಳಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳು ಬೇಕಾದಷ್ಟು ಮಂದಿ ಇದ್ದಾರೆ. ಲಾಡಿ ಜಬ್ಲದ ಕೆಲಸ ಅವರಿಗೆ ಸಿಕ್ಕರೆ ಅಂಗಡಿಯ ಅಟ್ಟ ಹುಡುಕುವ ಪಾಡು ಬೇರೆಯವರಿಗೆ ತಪ್ಪುತ್ತದೆ.

ದರ್ಜಿಗೆ ಕೊಟ್ಟ ಅಳತೆಯ ಕಾಗದವನ್ನು ಎತ್ತಿಟ್ಟಿದ್ದೇನೆ. ಯಾವುದೇ ಸಂಘದವರು ಹೊಲಿಯಲು ಮುಂದೆ ಬಂದರೆ, ಕತ್ತರಿಸಿ ತೋರಿಸಲು ನಾನು ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ, ಮಂಡ್ಯ